ಪಾಲಾಗದ ಬಾವಿ, ಪಾಲಾಗದ ಹಾದಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಆ ಅರ್ಧ ಶತಮಾನದ ವೈಭವವನ್ನು ವರ್ಣಿಸುವಾಗ ಯುದ್ಧಗಳನ್ನೂ ದೇವಾಲಯಗಳನ್ನೂ ಬಿಲ್ಹಣನ ಕಾವ್ಯವನ್ನೂ ನೆನೆಯುವುದು ವಾಡಿಕೆ. ಆದರೆ ಅಂದಿನ ಕಲ್ಯಾಣದಿಂದ ಹೊರಟು ಇಂದಿಗೂ ಭಾರತದ ಮನೆಮನೆಯ ವ್ಯವಹಾರದಲ್ಲಿ ಉಳಿದುಬಂದಿರುವುದು ಒಂದು ಕಾನೂನು ಗ್ರಂಥ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಬರೆದ 'ಮಿತಾಕ್ಷರಾ' ವ್ಯಾಖ್ಯಾನವೇ ಅದು. ಗ್ರಂಥದ ಕೊನೆಯಲ್ಲಿ ಆತನು ತನ್ನ ಊರಾದ ಕಲ್ಯಾಣವನ್ನೂ ತನ್ನ ದೊರೆಯನ್ನೂ ಕೊಂಡಾಡಿದ್ದಾನೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಇದರ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಬಂಗಾಳವನ್ನು ಬಿಟ್ಟು ಉಳಿದೆಡೆ ಬಹುಮಟ್ಟಿಗೆ ಇದನ್ನೇ ಆಧಾರವಾಗಿ ಹಿಡಿದವು. ಬೇರೆ ಸಂಪ್ರದಾಯವಿದೆಯೆಂದು ಸಾಬೀತುಪಡಿಸದ ಹೊರತು ಜೈನ ಕುಟುಂಬಗಳ ಆಸ್ತಿ ವ್ಯಾಜ್ಯಗಳೂ ಇದರ ವ್ಯಾಪ್ತಿಗೇ ಬಂದವು.

ಈ ಗ್ರಂಥದ ದಾಯವಿಭಾಗ ಪ್ರಕರಣದಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಚರ್ಚೆಯಿದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಹೊನ್ನು, ಪಾತ್ರೆಪಗಡಿಗಳನ್ನು ಪಾಲು ಮಾಡಿಕೊಳ್ಳಬಹುದು. ಪಾಲು ಮಾಡಬಾರದ ವಸ್ತುಗಳು ಯಾವುವು? ಮನುವಿನ ಪಟ್ಟಿಯನ್ನು ಮುಂದಿಟ್ಟುಕೊಂಡು ವಿಜ್ಞಾನೇಶ್ವರನು ಒಂದೊಂದನ್ನೇ ವಿವರಿಸುತ್ತಾನೆ. ನೀರು, ಎಂದರೆ ಬಾವಿ ಮೊದಲಾದ ಜಲಾಶಯವನ್ನು, ಬೆಲೆ ಕಟ್ಟಿ ಹಂಚಿಕೊಳ್ಳಲಾಗದು. ದಾಯಾದಿಗಳು ಸರದಿಯಂತೆ ಬಳಸಬೇಕು. ಮನೆ, ತೋಟಗಳಿಗೆ ಹೋಗಿಬರುವ ಹಾದಿಯೂ ಅವಿಭಾಜ್ಯವೇ. ಒಲೆಗಳು ಬೇರೆಯಾದರೂ ಬಾವಿಕಟ್ಟೆಯಲ್ಲಿಯೂ ತಲೆಬಾಗಿಲಲ್ಲಿಯೂ ಮುಖಾಮುಖಿಯಾಗುವುದು ತಪ್ಪದೆಂಬ ಲೋಕಾನುಭವ ಈ ಮಾತಿನ ಹಿಂದಿದೆ. ಬೇರೆಯಾದವರ ಜಗಳ ಪ್ರಾರಂಭವಾಗುವುದೂ ಸಾಮಾನ್ಯವಾಗಿ ಈ ಎರಡು ಸ್ಥಳಗಳಲ್ಲಿಯೇ ಎಂಬುದನ್ನು ಹಳೆಯ ಮನೆಗಳಲ್ಲಿ ಬಾಳಿದವರೆಲ್ಲರೂ ಬಲ್ಲರು.

ಇದಾಗಿ ಎಂಟೂವರೆ ಶತಮಾನಗಳ ತರುವಾಯ, 1972ರಲ್ಲಿ, ಕರ್ನಾಟಕದ ಶಾಸನಸಭೆಯು ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯನ್ನು ರೂಪಿಸಿತು. ಒಂದೇ ಕಟ್ಟಡದ ಹತ್ತಾರು ಮನೆಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಒಡೆಯನ ಸ್ವತ್ತು. ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ನೆಲ, ತಳಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಮಾಳಿಗೆ, ಮೆಟ್ಟಿಲು, ಪಡಸಾಲೆ, ಒಳಬರುವ ಹೊರಹೋಗುವ ದಾರಿಗಳು ಎಲ್ಲರಿಗೂ ಸೇರಿದವು. ಇವುಗಳಲ್ಲಿ ಪ್ರತಿಯೊಬ್ಬನಿಗೂ ಇರುವುದು ಅವಿಭಕ್ತ ಪಾಲು. ಅದನ್ನು ಬೇರ್ಪಡಿಸಿಕೊಡಿರೆಂದು ಯಾರೂ ದಾವೆ ಹೂಡುವಂತಿಲ್ಲ. ಈ ಕಾಯ್ದೆಗೆ ಮಿತಾಕ್ಷರೆಯೇ ಮೂಲವೆಂದು ಅಭಿಮಾನದಿಂದ ಹೇಳುವುದು ಸತ್ಯಕ್ಕೆ ದೂರವಾದೀತು. 1970ರ ಮಹಾರಾಷ್ಟ್ರದ ಕಾಯ್ದೆಯೂ ಅದಕ್ಕೂ ಹಿಂದಿನ ಪಾಶ್ಚಾತ್ಯ ಮಾದರಿಗಳೂ ಶಾಸಕರ ಮುಂದಿದ್ದವು. ಆದರೂ ಕಲ್ಯಾಣದ ಪಂಡಿತನನ್ನು ಕಾಡಿದ ಪ್ರಶ್ನೆಯೂ ಬೆಂಗಳೂರಿನ ಶಾಸಕರನ್ನು ಕಾಡಿದ ಪ್ರಶ್ನೆಯೂ ಒಂದೇ. ಹಂಚಿಕೊಳ್ಳಲಾಗದ್ದನ್ನು ಹಂಚಿಕೊಂಡವರು ಹೇಗೆ ಕಾಪಾಡಿಕೊಳ್ಳಬೇಕು?

ಬಹು ಕುಟುಂಬಗಳು ಒಂದೇ ಮಾಡಿನ ಕೆಳಗೆ ಬಾಳುವಾಗ ಅವರನ್ನು ಒಂದು ಸಮುದಾಯವಾಗಿಸುವುದು ಯಾವುದು? ಸಾಮಾನ್ಯವಾದ ಉತ್ತರವೆಂದರೆ, ದುರಂತ. ಬೆಂಕಿ ಬಿದ್ದಾಗ, ಭೂಮಿ ನಡುಗಿದಾಗ, ರೋಗ ಹಬ್ಬಿದಾಗ ನೆರೆಯವರು ಒಂದಾಗುತ್ತಾರೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸುಳ್ಳಲ್ಲ. ಆದರೆ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಮನೆಗಳ ಚರಿತ್ರೆಯನ್ನು ಅವಲೋಕಿಸಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ದುರಂತವು ಜನರನ್ನು ಕೆಲವು ದಿನಗಳ ಮಟ್ಟಿಗೆ ಒಟ್ಟುಗೂಡಿಸುತ್ತದೆ. ಅದು ಎಷ್ಟು ಜನರನ್ನು ಕೊಲ್ಲುತ್ತದೆ, ಅನಂತರ ಉಳಿದವರ ನಡುವೆ ಏನು ಉಳಿಯುತ್ತದೆ ಎಂಬುದನ್ನು ಮಾತ್ರ ಅದಕ್ಕೂ ಹಿಂದಿನ ನೂರಾರು ಸಾಮಾನ್ಯ ದಿನಗಳ ನಡವಳಿಕೆಯೇ ನಿರ್ಧರಿಸಿಬಿಟ್ಟಿರುತ್ತದೆ.

ಕಲ್ಯಾಣ ದುರಂತಗಳನ್ನು ಕಾಣದ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕೊನೆಗಾಲದ ವಿಪ್ಲವವೂ ಶರಣರ ಚದರಿಕೆಯೂ ಎಲ್ಲರೂ ಬಲ್ಲ ಸಂಗತಿಗಳು. ಅವುಗಳ ಬಗೆಗೆ ಬರೆಯಬೇಕಾದುದನ್ನೂ ಬರೆಯಬಾರದುದನ್ನೂ ಎಲ್ಲ ಪಕ್ಷದವರೂ ಬರೆದು ಮುಗಿಸಿದ್ದಾರೆ. ಪ್ರಸ್ತುತ ವಿಷಯಕ್ಕೆ ಬೇಕಾದುದು ಅರಮನೆಯ ಚರಿತ್ರೆಯಲ್ಲ, ಗಲ್ಲಿಯ ಚರಿತ್ರೆ.

ಈ ಎರಡೂ ಊರುಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಬೀದರ ಜಿಲ್ಲೆಯ ಜೊತೆಗೆ ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ನಾಡಿದು. ಇಲ್ಲಿಯ ಹಳೆಯ ಮನೆಗಳು ದಖ್ಖನಿನ ಒಳನಾಡಿನ ಪದ್ಧತಿಯವು. ದಪ್ಪನೆಯ ಕಲ್ಲುಗೋಡೆ, ಕಲ್ಲಿಗೂ ಕಲ್ಲಿಗೂ ನಡುವೆ ಸುಣ್ಣದ ಗಾರೆಯ ಬದಲು ಹೆಚ್ಚಾಗಿ ಮಣ್ಣು. ಒಳಗೆ ಮರದ ಕಂಬ, ತೊಲೆ, ಜಂತಿ. ಅವುಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ ಹಾಸಿ ಅಡಿಗಟ್ಟಲೆ ಮಣ್ಣು ಹೊದಿಸಿದ ಸಮತಟ್ಟಾದ ಮಾಳಿಗೆ. ಬೇಸಗೆಯಲ್ಲಿ ಈ ಮನೆ ತಣ್ಣಗಿರುತ್ತದೆ. ಒಕ್ಕಲು ಸಾಲಾಗಿರುವ ಗಲ್ಲಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ಮಾಳಿಗೆಯಿಂದ ಮಾಳಿಗೆಗೆ ನಡೆದುಕೊಂಡೇ ಹೋಗಬಹುದು. ದೊಡ್ಡ ವಾಡೆಗಳಲ್ಲಿ ನಡುವಣ ಅಂಗಳ ಒಂದೇ, ತಲೆಬಾಗಿಲು ಒಂದೇ, ಬಾವಿ ಒಂದೇ. ಸುತ್ತಲೂ ದಾಯಾದಿಗಳ ಕೋಣೆಗಳು. ಇಂದಿನ ಬಹುಮಹಡಿ ವಸತಿಯನ್ನು ನೆಲಕ್ಕೆ ಅಡ್ಡಲಾಗಿ ಮಲಗಿಸಿದರೆ ಸಿಗುವ ಚಿತ್ರ ಇದಕ್ಕಿಂತ ಬಹಳ ಬೇರೆಯಲ್ಲ.

ಇಂತಹ ಮನೆಯನ್ನು ಉಳಿಸುತ್ತಿದ್ದುದು ಕಲ್ಲಿನ ಬಲವಲ್ಲ, ವರ್ಷವರ್ಷದ ಆರೈಕೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಬಿರುಕುಗಳನ್ನು ಮುಚ್ಚಬೇಕು; ಬೆಳೆದ ಹುಲ್ಲನ್ನು ಕೀಳಬೇಕು; ಕರಲು ಮಣ್ಣು ಹರವಿ ಬಡಿದು ಗಟ್ಟಿಮಾಡಬೇಕು; ನೀರು ಹೊರಚೆಲ್ಲುವ ದೋಣಿಗಳನ್ನು ತೆರವುಗೊಳಿಸಬೇಕು. ಒಂದು ಮನೆಯವರು ಇದನ್ನು ಮಾಡಿ ಪಕ್ಕದವರು ಮಾಡದಿದ್ದರೆ ಫಲವಿಲ್ಲ. ಪಕ್ಕದ ಮಾಳಿಗೆಯಲ್ಲಿ ನಿಂತ ನೀರು ಇಬ್ಬರಿಗೂ ಸೇರಿದ ನಡುಗೋಡೆಯೊಳಗೆ ಇಳಿದು ಒಳಗಿನ ಮಣ್ಣನ್ನು ಕರಗಿಸುತ್ತದೆ. ಆದುದರಿಂದ ಮಾಳಿಗೆಯ ಕೆಲಸ ಸ್ನೇಹದಿಂದಲೋ ಬೈಗುಳದಿಂದಲೋ ಗಲ್ಲಿಯ ಕೆಲಸವಾಗಿಯೇ ನಡೆಯುತ್ತಿತ್ತು. ಇದರಲ್ಲೊಂದು ಅಪಾಯವೂ ಅಡಗಿತ್ತು. ಹಳೆಯ ಮಣ್ಣನ್ನು ತೆಗೆಯದೆ ಹೊಸ ಮಣ್ಣನ್ನೇ ಹೇರುತ್ತ ಹೋದರೆ ಮಾಳಿಗೆಯ ಭಾರ ತಲೆಮಾರಿನಿಂದ ತಲೆಮಾರಿಗೆ ಏರುತ್ತದೆ. ಕೆಳಗಿನ ತೊಲೆಯನ್ನು ಗೆದ್ದಲು ತಿನ್ನುತ್ತಿದ್ದರೂ ಸುಣ್ಣ ಬಳಿದ ಕೋಣೆಯಲ್ಲಿ ಅದು ಕಾಣದು.

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ, ಗಣೇಶ ವಿಸರ್ಜನೆಯ ದಿನವೂ ಹೌದು. ಆ ರಾತ್ರಿ ಮೆರವಣಿಗೆ ಮುಗಿಸಿ ಜನ ತಡವಾಗಿ ಮಲಗಿದ್ದರು. 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಭೂಮಿ ನಡುಗಿತು. ಅದರ ಪ್ರಮಾಣ 6.2. ಜಗತ್ತಿನ ಭೂಕಂಪಗಳ ಸಾಲಿನಲ್ಲಿ ಇದೇನೂ ಅತಿ ದೊಡ್ಡದಲ್ಲ. ಆದರೂ ಹತ್ತು ಸಾವಿರದ ಆಸುಪಾಸಿನಲ್ಲಿ ಜನ ಸತ್ತರು. ಕಿಲ್ಲಾರಿಗೂ ಬಸವಕಲ್ಯಾಣಕ್ಕೂ ನೇರ ದೂರ ಐವತ್ತು ಕಿಲೋಮೀಟರಿಗಿಂತ ಕಡಿಮೆ. ಗಡಿಯ ಈಚೆಗೆ ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ಕಂಪನ ಅನುಭವಕ್ಕೆ ಬಂತು. ಅಂದಿನ ನಕ್ಷೆಯಲ್ಲಿ ಕಿಲ್ಲಾರಿಯ ಸೀಮೆ ಭೂಕಂಪದ ಭಯ ಅತ್ಯಂತ ಕಡಿಮೆಯೆಂದು ಗುರುತಿಸಲಾದ ಮೊದಲನೆಯ ವಲಯದಲ್ಲಿತ್ತು.

ತಜ್ಞರ ವರದಿಗಳೆಲ್ಲವೂ ಒಂದೇ ಮಾತನ್ನು ಹೇಳಿದವು. ಜನರನ್ನು ಕೊಂದದ್ದು ಮನೆಗಳು. ಮಣ್ಣಿನ ಬೆಸುಗೆಯ ದಪ್ಪ ಗೋಡೆಗಳು ಒಳಗೂ ಹೊರಗೂ ಬಿಚ್ಚಿಕೊಂಡವು. ತಲೆಮಾರುಗಳ ಮಣ್ಣು ಹೊತ್ತ ಮಾಳಿಗೆ ಮಲಗಿದ್ದವರ ಮೇಲೆ ಇಳಿಯಿತು. ಗುಡಿಸಲುಗಳಲ್ಲಿದ್ದ ಬಡವರಲ್ಲಿ ಎಷ್ಟೋ ಮಂದಿ ಬದುಕಿ, ಕಲ್ಲಿನ ಮನೆಗಳಲ್ಲಿದ್ದ ಸ್ಥಿತಿವಂತರು ಕುಟುಂಬಸಮೇತ ಅಳಿದ ಉದಾಹರಣೆಗಳು ಹಲವಿದ್ದವು. ಗೋಡೆಯಿಂದ ಗೋಡೆಗೆ ಅಂಟಿಕೊಂಡ ಗಲ್ಲಿಗಳಲ್ಲಿ ಹೊರಗೆ ಓಡಿದವರಿಗೂ ನಿಲ್ಲಲು ಬಯಲಿರಲಿಲ್ಲ. ಪಾಲಾಗದ ಹಾದಿ ಕಲ್ಲಿನ ರಾಶಿಯ ಕೆಳಗೆ ಮುಚ್ಚಿಹೋಗಿತ್ತು.

ಅನಂತರದ ದಿನಗಳಲ್ಲಿ ದೇಶವೇ ಕಿಲ್ಲಾರಿಯ ಕಡೆಗೆ ಹರಿದುಬಂತು. ಅನ್ನ, ಬಟ್ಟೆ, ಔಷಧಿಗಳು ಬೇಕಾದುದಕ್ಕಿಂತ ಹೆಚ್ಚಾಗಿ ಬಂದವು. ಆ ನೆರವಿನಲ್ಲಿ ಬಹುಪಾಲು ಕೆಲವೇ ವಾರಗಳದು. ಒಂದು ಪ್ರಯತ್ನ ಮಾತ್ರ ಬೇರೆ ಬಗೆಯದು, ಅದನ್ನು ಇಲ್ಲಿ ನೆನೆಯಲೇಬೇಕು. ಶಾಂತಿಲಾಲ್ ಮುಥ್ಥಾ ಅವರ ನೇತೃತ್ವದ ಭಾರತೀಯ ಜೈನ ಸಂಘಟನೆಯು ಭೂಕಂಪದಲ್ಲಿ ನೊಂದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವಸತಿ, ಶಿಕ್ಷಣಗಳ ಹೊಣೆ ಹೊತ್ತಿತು. ಮುಂದೆ ವಾಘೋಲಿಯಲ್ಲಿ ಅದಕ್ಕೊಂದು ಸ್ಥಿರವಾದ ನೆಲೆಯಾಯಿತು. ಕಂಬಳಿ ಹಂಚಿ ಹಿಂತಿರುಗುವುದು ಸುಲಭ. ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಬೆಳಗ್ಗೆ ಎಬ್ಬಿಸಿ, ಉಣಿಸಿ, ಶಾಲೆಗೆ ಕಳುಹಿಸಿ, ರಾತ್ರಿಯಲ್ಲಿ ಬೆಚ್ಚಿ ಅಳುವವರನ್ನು ಸಂತೈಸುವ ಕೆಲಸ ವರ್ಷಗಟ್ಟಲೆ ನಡೆಯಬೇಕು. ಅದಕ್ಕೆ ಚಪ್ಪಾಳೆಯೂ ಸಿಗದು. ಕರುಣೆಯನ್ನು ದಿನಚರಿಯನ್ನಾಗಿ ಮಾಡಿದುದರಲ್ಲಿಯೇ ಈ ಕಾರ್ಯದ ಹಿರಿಮೆಯಿದೆ.

ಪುನರ್ವಸತಿಯ ಕತೆ ಇನ್ನೊಂದು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಮಹಾರಾಷ್ಟ್ರ ಸರ್ಕಾರವು ಅತ್ಯಧಿಕ ಹಾನಿಯಾದ 52 ಹಳ್ಳಿಗಳನ್ನು ಬೇರೆ ಸ್ಥಳಗಳಿಗೆ ಸಾಗಿಸಿತು. ನೇರವಾದ ಅಗಲ ರಸ್ತೆಗಳು, ಬಿಡಿಬಿಡಿಯಾಗಿ ನಿಂತ ಸಿಮೆಂಟಿನ ಮನೆಗಳು, ನಲ್ಲಿ ನೀರು. ಮನೆ ಭದ್ರವಾಯಿತು, ಇದು ಸಣ್ಣ ಲಾಭವಲ್ಲ. ಆದರೆ ಊರು ಹಿಂದಿನದಕ್ಕಿಂತ ಹಲವು ಪಟ್ಟು ಹರಡಿಕೊಂಡಿತು. ಅಷ್ಟುದ್ದದ ರಸ್ತೆ, ಕೊಳವೆ, ದೀಪಗಳನ್ನು ಸುಸ್ಥಿತಿಯಲ್ಲಿಡುವುದು ಪುಟ್ಟ ಗ್ರಾಮ ಪಂಚಾಯಿತಿಗೆ ಭಾರವಾಯಿತು. ಸಾಲುಮನೆಯ ಜಗಲಿಯಲ್ಲಿ ಕುಳಿತು ಎದುರುಮನೆಯವರೊಡನೆ ಮಾತನಾಡುತ್ತಿದ್ದ ಮುದುಕಿಗೆ ಈಗ ಎದುರುಮನೆ ಕೂಗಿದರೂ ಕೇಳದಷ್ಟು ದೂರ. ಹೊಸ ಊರುಗಳಲ್ಲಿ ಹಲವರು ಮನೆಯ ಪಕ್ಕದಲ್ಲಿ ತಗಡಿನ ಚಪ್ಪರ ಹಾಕಿಕೊಂಡು, ದನಕರು, ಒಲೆ, ಹರಟೆಗಳನ್ನೆಲ್ಲ ಅಲ್ಲಿಗೇ ಸಾಗಿಸಿದರು. ಯೋಜನೆ ಹಾಕಿದವರು ಗೋಡೆಗಳ ಬಲವನ್ನು ಲೆಕ್ಕ ಹಾಕಿದ್ದರು. ಗೋಡೆಗಳ ನಡುವೆ ನಡೆಯುತ್ತಿದ್ದ ಬದುಕಿನ ಲೆಕ್ಕ ಯಾವ ಕಾಗದದಲ್ಲಿಯೂ ಇರಲಿಲ್ಲ.

ಗಡಿಯ ಈಚೆಗೆ, ಹಳೆಯ ಊರುಗಳು ಇದ್ದಲ್ಲಿಯೇ ಇದ್ದವು. ಅನುಕೂಲವಿದ್ದವರು ಮಣ್ಣಿನ ಮಾಳಿಗೆ ಇಳಿಸಿ ಸಿಮೆಂಟಿನ ಚಾವಣಿ ಹಾಕಿಸಿದರು. ಇಲ್ಲದವರು ಹಳೆಯ ಮನೆಗಳಲ್ಲಿಯೇ ಉಳಿದರು. ಮಾಳಿಗೆಗೆ ಮಣ್ಣು ಹಾಕುವ ಕುಶಲಿಗಳು ವಿರಳವಾದರು. ಪಕ್ಕದ ಮನೆ ಸಿಮೆಂಟಿನದಾದ ಮೇಲೆ ಗಲ್ಲಿಯವರೆಲ್ಲ ಸೇರಿ ಮಾಳಿಗೆ ನೋಡಿಕೊಳ್ಳುವ ವಾಡಿಕೆಗೂ ಅರ್ಥ ಉಳಿಯಲಿಲ್ಲ. 2019ರ ಜೂನ್ ತಿಂಗಳಿನ ಒಂದು ರಾತ್ರಿ ಬಸವಕಲ್ಯಾಣದಲ್ಲಿ ಹಳೆಯ ಮನೆಯೊಂದರ ಮಾಳಿಗೆ ಕುಸಿದು ಮಲಗಿದ್ದ ಒಂದೇ ಕುಟುಂಬದ ಆರು ಮಂದಿ, ತಂದೆ ತಾಯಿ ಮತ್ತು ನಾಲ್ವರು ಮಕ್ಕಳು, ಅಸುನೀಗಿದರು. ಅಂದು ಭೂಮಿ ನಡುಗಿರಲಿಲ್ಲ. ಪತ್ರಿಕೆಗಳಲ್ಲಿ ಎರಡು ದಿನದ ಸುದ್ದಿಯಾಗಿ ಅದು ಮರೆಯಾಯಿತು. ಕಿಲ್ಲಾರಿಯ ಹೆಸರು ಜಗತ್ತಿಗೆ ಗೊತ್ತು; ಆದರೆ ಪ್ರತಿ ಮಳೆಗಾಲದಲ್ಲಿಯೂ ಉತ್ತರ ಕರ್ನಾಟಕದ ಯಾವುದೋ ಊರಿನಲ್ಲಿ ಹೀಗೆ ಗೋಡೆಯೋ ಮಾಳಿಗೆಯೋ ಬಿದ್ದು ಜನ ಸಾಯುವುದು ತಪ್ಪಿಲ್ಲ, ಇದಕ್ಕೆ ಸ್ಮಾರಕವೂ ಇಲ್ಲ.

ಹುಮನಾಬಾದಿನ ನಡುವೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿ ಈ ಸೀಮೆಯ ಜನರನ್ನು ಬಹುಕಾಲದಿಂದ ಎರಡೂ ದಿಕ್ಕಿಗೆ ಸೆಳೆದಿದೆ. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಬೆಂಗಳೂರೂ ಹತ್ತಿರವಾಯಿತು. ಓದಿದವರು ಕಂಪನಿಗಳ ಕೆಲಸಕ್ಕೆ, ಓದದವರು ಕಟ್ಟಡಗಳ ಕೆಲಸಕ್ಕೆ ಹೋದರು. ಮೊದಲಿನವರು ಬಹುಮಹಡಿಯಲ್ಲಿ ಮನೆ ಕೊಂಡರು. ಎರಡನೆಯವರು ಅದನ್ನು ಕಟ್ಟಿದರು. ಹೀಗೆ ವಾಡೆಯನ್ನು ಬಿಟ್ಟವರು ಮತ್ತೆ ಒಂದೇ ಮಾಡಿನ ಕೆಳಗಿನ ಬಾಳಿಗೇ ಬಂದು ಸೇರಿದರು; ನೆರೆಯವರ ಹೆಸರು ಮಾತ್ರ ಗೊತ್ತಿರಲಿಲ್ಲ.

ಬಹುಮಹಡಿಯ ಚರಿತ್ರೆಯೂ ಕುಸಿತಗಳ ಚರಿತ್ರೆಯೇ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಬಿದ್ದು 19 ಮಂದಿ ಅಳಿದರು. ಇವು ಕಟ್ಟುವವರ ತಪ್ಪಿನಿಂದಾದ ಸಾವುಗಳು. 2001ರ ಜನವರಿ 26ರಂದು ಕಚ್ಛದಲ್ಲಿ ಭೂಕಂಪವಾದಾಗ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಅಪಾರ್ಟ್‌ಮೆಂಟುಗಳು ಕುಸಿದು ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವುಗಳಲ್ಲಿ ಹಲವು ಕಟ್ಟಡಗಳ ನೆಲಮಹಡಿಯಲ್ಲಿ ಗೋಡೆಗಳೇ ಇರಲಿಲ್ಲ. ವಾಹನ ನಿಲ್ಲಿಸಲು ಬರಿಯ ಕಂಬಗಳ ಮೇಲೆ ಎತ್ತಿ ನಿಲ್ಲಿಸಲಾಗಿತ್ತು. ಮೇಲಿನ ಭಾರ ಅಲುಗಿದಾಗ ಕೆಳಗಿನ ಕಂಬಗಳು ತಾಳಲಿಲ್ಲ. ಕಿಲ್ಲಾರಿಯ ಮಾಳಿಗೆಯಲ್ಲಿ ತಲೆಭಾರವಾಗಿದ್ದುದು ಮಣ್ಣು, ಇಲ್ಲಿ ಕಾಂಕ್ರೀಟು.

ಆದರೆ ಕಟ್ಟಿದವನು ಮನೆಗಳನ್ನು ಮಾರಿ ಹೋದ ಮೇಲೆ, ಹಲವು ದಶಕ ಕಳೆದ ಮೇಲೆ, ಹೊಣೆ ಯಾರದು? ಇದಕ್ಕೆ ಅತ್ಯಂತ ಸ್ಪಷ್ಟವಾದ, ಅಷ್ಟೇ ಭೀಕರವಾದ ನಿದರ್ಶನ ಅಮೆರಿಕದ ಫ್ಲಾರಿಡಾದಲ್ಲಿ ದೊರೆಯುತ್ತದೆ. ಸರ್ಫ್‌ಸೈಡ್ ಎಂಬ ಕಡಲತೀರದ ಪಟ್ಟಣದಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಹನ್ನೆರಡು ಮಹಡಿಯ ಕಟ್ಟಡದಲ್ಲಿ 136 ಮನೆಗಳಿದ್ದವು. 2018ರಲ್ಲಿ ಪರೀಕ್ಷಿಸಿದ ಎಂಜಿನಿಯರು, ಈಜುಕೊಳದ ಅಂಗಳದ ಕೆಳಗಿನ ಕಾಂಕ್ರೀಟು ನೀರಿಳಿದು ಕೆಟ್ಟಿದೆಯೆಂದೂ ದುರಸ್ತಿ ತಡವಾದಷ್ಟೂ ಹಾನಿ ಬೆಳೆಯುವುದೆಂದೂ ಬರೆದುಕೊಟ್ಟನು. ವೆಚ್ಚ ಯಾರು ಕೊಡಬೇಕೆಂಬ ವಾದ ಪ್ರಾರಂಭವಾಯಿತು. ಕೆಲವರು ವಯಸ್ಸಾದವರು, ಕೆಲವರು ಮಾರಿಹೋಗುವ ಯೋಚನೆಯಲ್ಲಿದ್ದವರು, ಕೆಲವರಿಗೆ ವರದಿಯಲ್ಲಿಯೇ ನಂಬಿಕೆಯಿಲ್ಲ. 2019ರಲ್ಲಿ ನಿವಾಸಿಗಳ ಮಂಡಳಿಯ ಬಹುಪಾಲು ಸದಸ್ಯರು ಬೇಸತ್ತು ರಾಜೀನಾಮೆ ಕೊಟ್ಟರು. ಕಡೆಗೆ 2021ರ ಏಪ್ರಿಲಿನಲ್ಲಿ 1.5 ಕೋಟಿ ಡಾಲರಿನ ದುರಸ್ತಿಗೆ ಒಪ್ಪಿಗೆಯಾಯಿತು. ಮನೆಯೊಂದಕ್ಕೆ ಸುಮಾರು 80 ಸಾವಿರ ಡಾಲರಿನಿಂದ 3 ಲಕ್ಷ 36 ಸಾವಿರ ಡಾಲರಿನವರೆಗೆ ವಂತಿಗೆ. ಜುಲೈ 1ರಿಂದ ಹಣ ಕಟ್ಟತಕ್ಕದ್ದು. ಜೂನ್ 24ರ ನಡುರಾತ್ರಿ, 1 ಗಂಟೆ 20 ನಿಮಿಷದ ಸುಮಾರಿಗೆ, ಕಟ್ಟಡದ ಒಂದು ದೊಡ್ಡ ಭಾಗ ಮಲಗಿದ್ದವರನ್ನು ಹೊತ್ತುಕೊಂಡೇ ಕುಸಿಯಿತು. ಸತ್ತವರು 98 ಮಂದಿ.

ಮೂಲ ವಿನ್ಯಾಸದಲ್ಲಿಯೇ ಬಲ ಸಾಲದಿದ್ದುದು ಅನಂತರದ ತನಿಖೆಯಲ್ಲಿ ಕಂಡುಬಂದಿದೆ. ಆದುದರಿಂದ ಎಲ್ಲ ದೋಷವನ್ನೂ ನಿವಾಸಿಗಳ ಮೇಲೆ ಹೊರಿಸುವುದು ಅನ್ಯಾಯ, ಅವರೇ ಸತ್ತವರು. ಆದರೂ ಮೂರು ವರ್ಷಗಳ ಆ ಸಭೆಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಅಲ್ಲಿ ದುಷ್ಟರಾರೂ ಇರಲಿಲ್ಲ. ತಮ್ಮ ಹಣವನ್ನು ಜೋಪಾನ ಮಾಡುವ, ನಾಳೆ ನೋಡೋಣವೆನ್ನುವ, ನಮ್ಮ ನಿಮ್ಮಂತಹ ಸಾಮಾನ್ಯ ಗೃಹಸ್ಥರು. ಲೋಕವು ಹಿಂಸೆಯೆಂದರೆ ಕೊಲ್ಲುವ ಸಂಕಲ್ಪವೆಂದು ತಿಳಿಯುತ್ತದೆ. ತತ್ತ್ವಾರ್ಥಸೂತ್ರಕಾರನಾದರೋ ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿಟ್ಟಿದ್ದಾನೆ. ಎಚ್ಚರಗೇಡಿತನದಿಂದ ಪ್ರಾಣಕ್ಕೆ ಹಾನಿಯೊದಗುವುದು ಹಿಂಸೆ. ವಸ್ತುಗಳನ್ನು ಎತ್ತುವಾಗ, ಇಡುವಾಗ, ಮಲಿನವನ್ನು ವಿಸರ್ಜಿಸುವಾಗಲೂ ನೋಡಿ ನಡೆಯಬೇಕೆಂದು ಸಮಿತಿಗಳನ್ನು ವಿಧಿಸಿದ ಪರಂಪರೆಗೆ, ಸೋರುವ ತೊಟ್ಟಿಯನ್ನು ಮೂರು ವರ್ಷ ಸೋರಲು ಬಿಡುವುದು ಬರಿಯ ಆಡಳಿತದ ವಿಷಯವಾಗಿ ಕಾಣಲಾರದು.

ಸರ್ಫ್‌ಸೈಡಿನಲ್ಲಿ ದುರಂತದ ಅನಂತರ ನಡೆದುದೂ ಗಮನಾರ್ಹ. ಮೊದಲ ವಾರಗಳಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು, ದೂರದ ದೇಶಗಳಿಂದಲೂ ರಕ್ಷಣಾ ತಂಡಗಳು ಬಂದವು. ತಿಂಗಳುಗಳು ಕಳೆದಂತೆ ಮನೆ ಕಳೆದುಕೊಂಡವರೂ ಮನೆಯವರನ್ನು ಕಳೆದುಕೊಂಡವರೂ ಪರಿಹಾರದ ಹಂಚಿಕೆಯ ವಿಷಯದಲ್ಲಿ ನ್ಯಾಯಾಲಯದಲ್ಲಿ ಎದುರುಬದುರಾದರು. ಅಲ್ಲೊಂದು ಸ್ಮಾರಕವೇ ಇರಲೆಂದು ಕೆಲವರು ಬೇಡಿದರೂ ನಿವೇಶನವನ್ನು 2022ರಲ್ಲಿ 12 ಕೋಟಿ ಡಾಲರಿಗೆ ದುಬೈಯ ನಿರ್ಮಾಣ ಸಂಸ್ಥೆಯೊಂದಕ್ಕೆ ಮಾರಲಾಯಿತು. ಸಾವಿನ ಸಮಕ್ಷಮದಲ್ಲಿ ಹುಟ್ಟಿದ ಬಾಂಧವ್ಯಕ್ಕೆ ಹಿಂದಿನ ದಿನಗಳ ಬೇರು ಇರಲಿಲ್ಲ. ಶಾಶ್ವತವಾಗಿ ಉಳಿದದ್ದು ಒಂದು ಕಾನೂನು. ಮೂರು ಅಥವಾ ಅದಕ್ಕೂ ಹೆಚ್ಚು ಮಹಡಿಗಳ ಹಳೆಯ ವಸತಿ ಕಟ್ಟಡಗಳ ಬಲವನ್ನು ನಿಯತಕಾಲಕ್ಕೆ ಪರೀಕ್ಷಿಸತಕ್ಕದ್ದು; ದುರಸ್ತಿಗೆಂದು ಮೀಸಲು ನಿಧಿಯನ್ನು ಕೂಡಿಡತಕ್ಕದ್ದು; ಸದಸ್ಯರು ಬಹುಮತದಿಂದಲೂ ಅದನ್ನು ಕೈಬಿಡುವಂತಿಲ್ಲ ಎಂದು 2022ರಲ್ಲಿ ಫ್ಲಾರಿಡಾ ವಿಧಿಸಿತು. ಮಳೆಗಾಲಕ್ಕೆ ಮುನ್ನ ಮಾಳಿಗೆ ನೋಡುವ ಗಲ್ಲಿಯ ವಾಡಿಕೆಗೆ ಶಾಸನದ ರೂಪ ಬಂದಂತಾಯಿತು. ಭಾರತದಲ್ಲಿ 2016ರ ಸ್ಥಿರಾಸ್ತಿ ಕಾಯ್ದೆಯು ರಚನೆಯ ದೋಷಗಳನ್ನು ಐದು ವರ್ಷಗಳವರೆಗೆ ಸರಿಪಡಿಸುವ ಹೊಣೆಯನ್ನು ನಿರ್ಮಾಪಕನ ಮೇಲಿಟ್ಟಿದೆ. ಕಟ್ಟಡದ ಆಯುಷ್ಯವಾದರೋ ಐವತ್ತು, ಅರವತ್ತು ವರ್ಷ. ಉಳಿದ ಅಷ್ಟೂ ಕಾಲ ಹೊಣೆ ಅವಿಭಕ್ತ ಪಾಲಿನ ಒಡೆಯರದೇ.

ದೊಡ್ಡ ಕುಸಿತಗಳಲ್ಲಷ್ಟೇ ಇದು ಕಾಣುವುದಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದಲ್ಲಿ ಬೆಂಕಿಗಿಂತ ಹೊಗೆಗೇ ಅಂಜಿ ಜನ ಕಿಟಕಿಗಳಿಂದ ಹಾರಿದರು. ಒಂಬತ್ತು ಮಂದಿ ಸತ್ತರು. ಆ ನೋವಿನಿಂದಲೇ 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಘಟನೆ ಹುಟ್ಟಿ ಅಗ್ನಿಸುರಕ್ಷೆಯ ತಿಳಿವಳಿಕೆ ಹರಡುವ ಕೆಲಸಕ್ಕಿಳಿಯಿತು. 2021ರ ಸೆಪ್ಟೆಂಬರ್ 21ರಂದು ಅದೇ ನಗರದ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಹತ್ತಿ ಇಬ್ಬರು ಮಹಿಳೆಯರು ಸತ್ತರು. ಮೊಗಸಾಲೆಗೆ ಹಾಕಿಸಿದ ಕಬ್ಬಿಣದ ಜಾಲರಿ ಹೊರಗೆ ಬರುವ ದಾರಿಯನ್ನು ಮುಚ್ಚಿತ್ತು. ಕಳ್ಳರ ಭಯಕ್ಕೆ, ಮಕ್ಕಳು ಬಿದ್ದಾರೆಂಬ ಭಯಕ್ಕೆ, ಪಾರಿವಾಳಗಳ ಕಾಟಕ್ಕೆ ಪ್ರತಿ ಮನೆಯವರೂ ತಮ್ಮ ತಮ್ಮ ಜಾಲರಿ ಹಾಕಿಸುತ್ತಾರೆ. ಮೆಟ್ಟಿಲ ತಿರುವಿನಲ್ಲಿ ಹಳೆಯ ಕಪಾಟು, ಸೈಕಲ್ಲು, ಚಪ್ಪಲಿಗೂಡು ಇಡುತ್ತಾರೆ. ಒಬ್ಬೊಬ್ಬರದು ಒಂದೊಂದು ಅಡಿ. ಹಾದಿ ಪಾಲಾಗುವುದು ಹೀಗೆ, ದಾವೆಯಿಲ್ಲದೆ, ದಸ್ತಾವೇಜಿಲ್ಲದೆ. ಕಪಾಟು ತೆಗೆಯಿರೆಂದು ಹೇಳುವ ನೆರೆಯವನು ಜಗಳಗಂಟನೆಂದು ಹೆಸರು ಪಡೆಯುತ್ತಾನೆ. ಹಳೆಯ ಗಲ್ಲಿಯಲ್ಲಿ ದೋಣಿ ಕಟ್ಟಿಕೊಂಡಿದೆಯೆಂದು ಕೂಗಾಡುತ್ತಿದ್ದ ಅಜ್ಜನಿಗೂ ಅದೇ ಹೆಸರಿತ್ತು. ಅವನ ಬೈಗುಳದಿಂದ ಎಷ್ಟು ಗೋಡೆಗಳು ಉಳಿದವೆಂಬುದನ್ನು ಎಣಿಸಿದವರಿಲ್ಲ.

2020ರ ಕೊರೋನಾ ಕಾಲದಲ್ಲಿ ಈ ವಸತಿಗಳ ಎರಡು ಮುಖಗಳೂ ಕಂಡವು. ಒಂದೇ ಮಹಡಿಯಲ್ಲಿದ್ದೂ ಮಾತನಾಡದವರು ಮುಚ್ಚಿದ ಬಾಗಿಲ ಮುಂದೆ ಊಟದ ಡಬ್ಬಿ ಇಟ್ಟುಹೋದರು. ಅದೇ ಕಟ್ಟಡಗಳಲ್ಲಿ ಮನೆಗೆಲಸದವರಿಗೆ ಲಿಫ್ಟು ನಿಷಿದ್ಧವಾಯಿತು. ರೋಗ ತಂದವರು ವಿಮಾನದಲ್ಲಿ ಬಂದವರೋ ಬಸ್ಸಿನಲ್ಲಿ ಬಂದವರೋ ಎಂಬುದನ್ನು ಆಗ ಯಾರೂ ವಿಚಾರಿಸಲಿಲ್ಲ. ಯಾವ ವಸತಿಯಲ್ಲಿ ಕಾವಲುಗಾರನ ಹೆಸರು, ಅವನ ಊರು ಮೊದಲೇ ಗೊತ್ತಿತ್ತೋ ಅಲ್ಲಿ ಅವನಿಗೂ ಡಬ್ಬಿ ತಲುಪಿತು.

ಆ ಕಾವಲುಗಾರನೂ ಗಾರೆ ಕಲಸಿದವಳೂ ಬಹಳಷ್ಟು ಸಲ ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಕಡೆಯವರು. ಹುಮನಾಬಾದಿನಿಂದ ಹೈದರಾಬಾದ್, ಪುಣೆ, ಮುಂಬಯಿಗಳ ಕಡೆಗೆ ಹೊರಡುವ ಬಸ್ಸುಗಳಲ್ಲಿ ಹಾಸಿಗೆ ಸುರುಳಿ, ಪಾತ್ರೆ ಚೀಲಗಳೊಡನೆ ಇಂತಹವರು ಕಾಣಸಿಗುತ್ತಾರೆ. ಕಟ್ಟಡ ಮುಗಿಯುವವರೆಗೆ ಅವರ ವಾಸ ಅದರ ಬುಡದಲ್ಲಿನ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದ ದಿನ ಶೆಡ್ಡು ಕಿತ್ತು ಅಲ್ಲಿ ಹುಲ್ಲುಹಾಸು ಬೆಳೆಸಲಾಗುತ್ತದೆ. 1972ರ ಕಾಯ್ದೆ ಒಡೆಯರನ್ನು ಕುರಿತದ್ದು. ಅದರಲ್ಲಿ ಇವರಿಗೆ ಪಾಲೂ ಇಲ್ಲ, ಸರದಿಯೂ ಇಲ್ಲ. ಬಾವಿಯನ್ನು ಸರದಿಯಂತೆ ಬಳಸಬೇಕೆಂದ ಮಿತಾಕ್ಷರೆಯ ಮಾತೂ ದಾಯಾದಿಗಳನ್ನು ಕುರಿತದ್ದೇ ಆಗಿತ್ತು. ಆ ಬಾವಿಯನ್ನು ತೋಡಿದವರ ವಿಚಾರ ಅಲ್ಲಿ ಬಂದಿಲ್ಲ.